ಆಪರೇಷನ್ ಆಗಿ ಮನೆಗೆ ಬಂದವರು

(ಯುವಕ ಸಂಘ ಮತ್ತು ಮಹಿಳಾ ಸಮಾಜಗಳ ಕೂಡುಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಾನು ಕೃಷಿಯಲ್ಲಿ ಡಿಪ್ಲೊಮಾ ಓದಿದವನು. ಬಿತ್ತನೆಬೀಜ, ಗೊಬ್ಬರ, ಸಸಿಮಡಿ ಇವುಗಳ ವಿಷಯವಾಗಿ ನಿಮ್ಮೊಡನೆ ಮಾತನಾಡಿ ನನಗೆ ರೂಢಿ. ಇಂದು ಹೃದಯದ ವಿಷಯ ಹೇಳಲು ನಿಂತದ್ದನ್ನು ಕಂಡು, ‘ಇವನಿಗೇಕೆ ಡಾಕ್ಟರ ಉಸಾಬರಿ’ ಎಂದು ನೀವು ಅಂದುಕೊಂಡರೆ ತಪ್ಪೇನಿಲ್ಲ. ನಾನು ಚಿಕಿತ್ಸೆ ಹೇಳಲು ಬಂದವನಲ್ಲ. ಆಸ್ಪತ್ರೆಯವರು ಬಿಡುಗಡೆಯ ದಿವಸ ಒಂದು ಚೀಟಿ ಕೊಡುತ್ತಾರಷ್ಟೆ. ಅದರಲ್ಲಿ ‘ಭಾರ ಎತ್ತಕೂಡದು’ ಎಂದು ಬರೆದಿರುತ್ತದೆ. ದನದ ಹಗ್ಗ ಹಿಡಿಯಬಹುದೇ, ಹಿಟ್ಟು ತಿರುವಬಹುದೇ ಎಂಬುದು ಅದರಲ್ಲಿ ಇರುವುದಿಲ್ಲ. ಆ ಚೀಟಿಯನ್ನು ನಮ್ಮ ಕೊಟ್ಟಿಗೆ, ಅಡಿಗೆಮನೆ, ಗದ್ದೆಗಳ ಮಾತಿಗೆ ತರುವುದಷ್ಟೇ ನನ್ನ ಕೆಲಸ. ಕಳೆದೊಂದು ವರ್ಷದಲ್ಲಿ ನನ್ನ ವಲಯದ ಮೂರು ಮನೆಗಳಿಗೆ ಎದೆ ತೆರೆದು ಆಪರೇಷನ್ ಮಾಡಿಸಿಕೊಂಡವರು ಮರಳಿ ಬಂದರು. ಆ ಮನೆಗಳಿಗೆ ಹೋಗಿಬಂದು ಕಂಡದ್ದನ್ನೂ ಸೇರಿಸಿ ಹೇಳುತ್ತೇನೆ.

ಒಳಗೆ ಏನು ಮಾಡಿದ್ದಾರೆ ಎಂಬುದು ಮೊದಲು ತಿಳಿದಿರಬೇಕು. ಹೃದಯವೆಂಬುದು ಮೈಗೆಲ್ಲ ರಕ್ತ ಹಾಯಿಸುವ ಪಂಪು. ಆ ಪಂಪಿಗೂ ರಕ್ತ ಬೇಕು. ಅದಕ್ಕೆ ರಕ್ತ ತರುವ ಸಣ್ಣ ನಾಳಗಳಲ್ಲಿ ಕೊಬ್ಬು ಸೇರಿ, ಹೂಳು ತುಂಬಿದ ಕಾಲುವೆಯಂತೆ ಕಟ್ಟಿಕೊಳ್ಳುತ್ತದೆ. ಬೈಪಾಸ್ ಎಂಬ ಆಪರೇಷನ್ನಿನಲ್ಲಿ ಈ ಹೂಳನ್ನು ಎತ್ತುವುದಿಲ್ಲ. ಪಕ್ಕದಲ್ಲಿ ಒಂದು ಬಳಸುಗಾಲುವೆ ಮಾಡುತ್ತಾರೆ. ಅದಕ್ಕೆ ಬೇಕಾದ ನಾಳವನ್ನು ರೋಗಿಯ ಕಾಲಿನಿಂದಲೋ, ಕೈಯಿಂದಲೋ, ಎದೆಯ ಒಳಗೋಡೆಯಿಂದಲೋ ತೆಗೆದುಕೊಳ್ಳುತ್ತಾರೆ. ‘ಎದೆಗೆ ಆಪರೇಷನ್ ಅಂದ್ರು, ಕಾಲಿಗೇಕೆ ಹೊಲಿಗೆ’ ಎಂದು ಕೇಳುವವರಿಗೆ ಇದೇ ಉತ್ತರ. ಹೂಳು ತುಂಬಿಸಿದ ಬೀಡಿ, ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಇವು ಆಪರೇಷನ್ನಿನಿಂದ ಹೋಗುವುದಿಲ್ಲ. ಹೊಸ ಕಾಲುವೆಗೂ ಹೂಳು ಬರಬಹುದು.

ಕಾಲಿನ ನಾಳವನ್ನು ಹೀಗೆ ಬಳಸುವ ಪದ್ಧತಿಯನ್ನು 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ರೂಢಿಗೆ ತಂದವರು ರೆನೆ ಫವಾಲೊರೊ ಎಂಬ ವೈದ್ಯರು. ಅವರು ಅರ್ಜೆಂಟೀನ ದೇಶದವರು. ಅಮೆರಿಕಕ್ಕೆ ಹೋಗುವ ಮೊದಲು, 1950ರಿಂದ ಸುಮಾರು ಹನ್ನೆರಡು ವರ್ಷ, ತಮ್ಮ ದೇಶದ ಒಂದು ಸಣ್ಣ ಊರಿನಲ್ಲಿ ವೈದ್ಯರಾಗಿದ್ದರು. ಅಲ್ಲಿ ಸೂಲಗಿತ್ತಿಯರಿಗೂ ಶಾಲೆಯ ಉಪಾಧ್ಯಾಯರಿಗೂ ಆರೋಗ್ಯದ ತಿಳಿವಳಿಕೆ ಕೊಟ್ಟರು. ಕರೆ ಬಂದೊಡನೆ ಬಂದು ರಕ್ತ ಕೊಡಲು ಊರಿನ ಜನರನ್ನೇ ಸಿದ್ಧಮಾಡಿ ಇಟ್ಟುಕೊಂಡಿದ್ದರು. ಇಂಥವರ ಕೈಯಿಂದ ಬಂದ ಆಪರೇಷನ್ ಇದು. ನಮ್ಮ ದೇಶದಲ್ಲಿ ಮೊದಲ ಬೈಪಾಸನ್ನು 1975ರಲ್ಲಿ ಮದರಾಸಿನಲ್ಲಿ ಡಾ. ಕೆ. ಎಂ. ಚೆರಿಯನ್ ಮಾಡಿದರು. ಈಗ ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿ ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆಯೇ ಇದೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಹೃದಯ ತಲುಪಲು ಎದೆಯ ನಡುವಿನ ಮೂಳೆಯನ್ನು ಮೇಲಿನಿಂದ ಕೆಳಗಿನವರೆಗೆ ಗರಗಸದಿಂದ ಸೀಳುತ್ತಾರೆ. ಕೆಲಸ ಮುಗಿದಮೇಲೆ ಎರಡು ಹೋಳುಗಳನ್ನೂ ಜೋಡಿಸಿ ಉಕ್ಕಿನ ತಂತಿಯಿಂದ ಬಿಗಿಯುತ್ತಾರೆ. ತಂತಿ ಒಳಗೇ ಉಳಿಯುತ್ತದೆ, ತೆಗೆಯುವುದಿಲ್ಲ. ಮೇಲಿನ ಚರ್ಮ ಎರಡು ಮೂರು ವಾರದಲ್ಲಿ ಕೂಡಿಕೊಂಡು, ನೋಡುವವರಿಗೆ ‘ಗಾಯ ಮಾಗಿತು’ ಎನ್ನಿಸುತ್ತದೆ. ಒಳಗಿನ ಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು. ಪೂರ್ತಿ ಗಟ್ಟಿಯಾಗಲು ಮೂರು ತಿಂಗಳಾದರೂ ಬೇಕು. ಮಾವಿನ ಕಸಿ ಕಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕುಡಿ ಹಸಿರಾಗಿದೆ ಎಂದು ಕಟ್ಟು ಅಲುಗಾಡಿಸಿದರೆ ಏನಾಗುವುದೆಂದು ನಿಮಗೇ ಗೊತ್ತು.

ಈ ಮೂರು ತಿಂಗಳಿಗೆ ಒಂದು ಅಳತೆ ಹೇಳುತ್ತೇನೆ, ನೆನಪಿನಲ್ಲಿಡಿ: ತುಂಬಿದ ತಂಬಿಗೆ ಎತ್ತಬಹುದು, ತುಂಬಿದ ಬಿಂದಿಗೆ ಎತ್ತಕೂಡದು. ಸಾಮಾನ್ಯವಾಗಿ ಆಸ್ಪತ್ರೆಯವರು ಎರಡು ಮೂರು ಕಿಲೋಗಿಂತ ಹೆಚ್ಚಿನದು ಬೇಡ ಎನ್ನುತ್ತಾರೆ. ಡೇರಿಗೆ ಒಯ್ಯುವ ಹಾಲಿನ ಕ್ಯಾನು ಅದಕ್ಕಿಂತ ಭಾರ. ಬೆನ್ನಿಗೆ ಹಾಕುವ ಔಷಧಿ ಸಿಂಪಡಿಸುವ ಡಬ್ಬಿಗೆ ನೀರೇ 16 ಲೀಟರು ಹಿಡಿಯುತ್ತದೆ. ಯೂರಿಯಾ ಚೀಲ 45 ಕಿಲೋ. ಓಡಿಬಂದು ಕೊರಳಿಗೆ ಬೀಳುವ ಮೊಮ್ಮಗ ಹತ್ತು ಹನ್ನೆರಡು ಕಿಲೋ ಇರುತ್ತಾನೆ. ಅಜ್ಜ ಕುಳಿತಿದ್ದಾಗ ಅವನನ್ನು ಪಕ್ಕದಲ್ಲಿ ಕೂರಿಸಿ, ಎತ್ತಿಕೊಳ್ಳಲು ಬಿಡಬೇಡಿ. ಎತ್ತುವುದಕ್ಕಿಂತಲೂ ಕೆಟ್ಟದ್ದು ಎಳೆಯುವುದು. ಒಂದು ಕೈಯಿಂದ ಜಗ್ಗಿದರೆ ಸೀಳಿದ ಮೂಳೆಯ ಒಂದು ಹೋಳು ಒಂದು ಕಡೆಗೆ ಹೋಗುತ್ತದೆ. ಆದುದರಿಂದ ಬೋರಿನ ಕೈಪಂಪು ಒತ್ತುವುದು, ಟಿಲ್ಲರಿನ ಹಿಡಿ, ಟ್ರ್ಯಾಕ್ಟರು, ಮೋಟಾರ್ ಸೈಕಲ್ಲು, ಇವೆಲ್ಲವೂ ಡಾಕ್ಟರು ಆಗಬಹುದು ಎನ್ನುವ ತನಕ ಬೇಡ. ಎಲ್ಲಕ್ಕಿಂತ ಹೆಚ್ಚಾಗಿ ದನದ ಹಗ್ಗ ಬೇಡ.

ಹಗ್ಗದ ಮಾತು ಸುಮ್ಮನೆ ಹೇಳಿದ್ದಲ್ಲ. ನಾನು ಹೇಳಿದ ಮೂರು ಮನೆಗಳಲ್ಲಿ ಒಂದರಲ್ಲಿ ಯಜಮಾನರಿಗೆ ಐವತ್ತಾರು ವರ್ಷ. ಆಪರೇಷನ್ ಆಗಿ ನಾಲ್ಕನೆಯ ವಾರ. ನಾಟಿಯ ಕಾಲ, ಬರುತ್ತೇನೆಂದ ಆಳು ಬರಲಿಲ್ಲ. ‘ಬರೀ ನೀರು ಕುಡಿಸಿಕೊಂಡು ಬರುವುದಲ್ಲವೇ’ ಎಂದು ಎತ್ತಿನ ಹಗ್ಗ ಬಿಚ್ಚಿದರು. ಎದುರಿಗೆ ಬಂದ ಲಾರಿಯ ಹಾರನ್ನಿಗೆ ಎತ್ತು ಬೆದರಿ ಒಂದೇ ಸಲ ಜಗ್ಗಿತು. ನಾನು ಮರುದಿನ ಹೋದಾಗ ಜಗಲಿಯ ಮೇಲೆ ಎದೆ ಹಿಡಿದುಕೊಂಡು ಕುಳಿತಿದ್ದರು. ‘ಉಸಿರು ಎಳೆದರೆ ಒಳಗೆ ಕಟಕ್ ಅಂತದೆ ಸ್ವಾಮಿ’ ಅಂದರು. ತಂತಿ ಸಡಿಲವಾಗಿತ್ತು. ಮತ್ತೆ ಮೈಸೂರಿಗೆ ಹೋಗಿ ಬಿಗಿಸಿಕೊಂಡು ಬರಬೇಕಾಯಿತು. ಮೂರು ತಿಂಗಳ ಲೆಕ್ಕ ಮೊದಲಿನಿಂದ ಸುರುವಾಯಿತು. ಅವರಿಗೆ ಚೀಟಿಯ ವಿಷಯ ತಿಳಿಯದೆ ಆದದ್ದಲ್ಲ ಇದು. ಚೀಟಿಯನ್ನು ಬಾಯಿಪಾಠ ಒಪ್ಪಿಸುತ್ತಿದ್ದರು. ಎತ್ತು ಬಾಯಾರಿ ಕೂಗುತ್ತಿತ್ತು, ಮನೆಯಲ್ಲಿ ಬೇರೆ ಗಂಡಾಳು ಇರಲಿಲ್ಲ, ಅಷ್ಟೆ. ಈ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ನೆಲದ ಮೇಲೆ ಚಾಪೆ ಹಾಸಿ ಮಲಗುವುದು ನಮ್ಮ ಪದ್ಧತಿ. ನೆಲದಿಂದ ಏಳಬೇಕಾದರೆ ಎರಡೂ ಕೈ ಊರಬೇಕು. ಆ ಒತ್ತಡವೆಲ್ಲ ಎದೆಯ ಮೂಳೆಗೆ. ಆದಕಾರಣ ಮಂಡಿಯೆತ್ತರದ ಮಂಚ ಬೇಕು. ಮಂಚ ಇಲ್ಲದಿದ್ದರೆ ನೆಂಟರಲ್ಲಿ ಕೇಳಿ ಮೂರು ತಿಂಗಳಿಗೆ ತನ್ನಿ. ಏಳುವಾಗ ಮೊದಲು ಮೈಯನ್ನು ಒಟ್ಟಿಗೆ ಮಗ್ಗುಲಿಗೆ ಹೊರಳಿಸಿ, ಕಾಲು ಇಳಿಬಿಟ್ಟು, ಆಮೇಲೆ ಎದ್ದು ಕೂರಬೇಕು. ಎಬ್ಬಿಸುವವರು ಬೆನ್ನಿಗೆ ಕೈ ಕೊಡಬೇಕೇ ಹೊರತು ತೋಳು ಹಿಡಿದು ಎಳೆಯಕೂಡದು. ಕಕ್ಕಸಿನಲ್ಲಿಯೂ ಇದೇ ತೊಂದರೆ. ಕುಕ್ಕರುಗಾಲಿನಲ್ಲಿ ಕುಳಿತು ಏಳುವುದು ಕಷ್ಟ. ನಡುವೆ ತೂತಿರುವ ಕುರ್ಚಿ ಪೇಟೆಯಲ್ಲಿ ಸಿಕ್ಕುತ್ತದೆ, ಅದನ್ನು ಕಕ್ಕಸಿನ ಮೇಲೆ ಇಟ್ಟರಾಯಿತು. ನೋವಿನ ಮಾತ್ರೆ, ಕಬ್ಬಿಣಾಂಶದ ಮಾತ್ರೆಗಳಿಂದ ಮಲಬದ್ಧತೆ ಆಗುವುದುಂಟು. ಮುಕ್ಕಿರಿಯುವುದು ಒಳ್ಳೆಯದಲ್ಲ, ಡಾಕ್ಟರಿಗೆ ಹೇಳಿ ಔಷಧ ಪಡೆಯಿರಿ. ಕೆಮ್ಮು ಬಂದಾಗ ದಿಂಬನ್ನು ಎದೆಗೆ ಬಿಗಿಯಾಗಿ ಅವುಚಿಕೊಂಡು ಕೆಮ್ಮಬೇಕು. ನೋಯುತ್ತದೆಂದು ಕೆಮ್ಮು ನುಂಗಿದರೆ ಕಫ ಕೆಳಗೆ ಕಟ್ಟಿಕೊಂಡು ಜ್ವರ ಬರುತ್ತದೆ. ಆಸ್ಪತ್ರೆಯಿಂದ ಕೊಟ್ಟ ಮೂರು ಚೆಂಡುಗಳ ಉಸಿರಿನ ಡಬ್ಬಿಯನ್ನು ಮಕ್ಕಳ ಆಟಕ್ಕೆ ಕೊಡದೆ, ಹೇಳಿದಷ್ಟು ಸಲ ಊಟದ ಮೊದಲು ಎಳೆಯಲು ಹೇಳಿ.

ಎರಡನೆಯ ಮನೆಯಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ತಾಯಿ ಮಗನನ್ನು ಮಂಚದಿಂದ ಇಳಿಯಲು ಬಿಡಲಿಲ್ಲ. ಇಪ್ಪತ್ತು ದಿವಸ ಕಿಟಕಿ ಮುಚ್ಚಿ, ಕಂಬಳಿ ಹೊದಿಸಿ, ತುಪ್ಪದ ಅನ್ನ ಉಣ್ಣಿಸಿದರು. ಬಾಣಂತನವೇ ಸರಿ! ತಾಯಿಯ ಅಕ್ಕರೆಗೆ ನಾನು ಏನು ಹೇಳಲಿ. ಆದರೆ ಮಲಗಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಶ್ವಾಸಕೋಶದ ತಳದಲ್ಲಿ ಕಫ ನಿಲ್ಲಬಹುದು, ತೊಡೆಯ ಮಾಂಸ ಕರಗುತ್ತದೆ. ಹೃದಯಕ್ಕೆ ಬೇಕಾದ ಔಷಧಿಗಳಲ್ಲಿ ನಡಿಗೆಯೂ ಒಂದು. ಮೊದಲ ವಾರ ಹಜಾರದಲ್ಲಿ ಐದೈದು ನಿಮಿಷ, ದಿವಸಕ್ಕೆ ಮೂರು ನಾಲ್ಕು ಸಲ. ಆಮೇಲೆ ದಿನಕ್ಕೆ ಒಂದೆರಡು ನಿಮಿಷ ಹೆಚ್ಚಿಸುತ್ತ ಹೋಗಿ, ಆರನೆಯ ವಾರದ ಹೊತ್ತಿಗೆ ಅರ್ಧ ಗಂಟೆ ನಡೆಯುವಂತಾಗಬೇಕು. ಬಿಸಿಲಿನಲ್ಲಿ ಬೇಡ, ಊಟವಾದ ಕೂಡಲೇ ಬೇಡ, ಗದ್ದೆಯ ಬದುವಿನ ಮೇಲಂತೂ ಬೇಡ. ಜೊತೆಗೆ ಒಬ್ಬರು ಹೋಗಿ ಮಾತನಾಡಿಸುತ್ತಿರಿ. ನಡೆಯುತ್ತಲೇ ಮಾತಿಗೆ ಉತ್ತರ ಹೇಳಲು ಆಗುತ್ತಿದ್ದರೆ ನಡಿಗೆ ಹದವಾಗಿದೆ. ಮಾತು ತುಂಡಾಗುತ್ತಿದ್ದರೆ ನಿಲ್ಲಿ. ಆ ಮಗ ಈಗ ದೇವಸ್ಥಾನದವರೆಗೆ ಹೋಗಿಬರುತ್ತಾನೆ. ತಾಯಿ ಹಿಂದೆಯೇ ಒಂದು ಸ್ಟೂಲು ಹಿಡಿದುಕೊಂಡು ಹೋಗುತ್ತಾರೆ!

ಮೂರನೆಯದು ಹೆಣ್ಣುಮಗಳ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಗಂಡಸರೂ ಕೇಳಬೇಕು. ಮೂವತ್ತೆರಡು ವಯಸ್ಸು, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಚಿಕ್ಕಂದಿನಲ್ಲಿ ಗಂಟಲುನೋವು, ಕೀಲುಜ್ವರ ಬಂದು ಹೃದಯದ ಕವಾಟ ಕೆಟ್ಟಿತ್ತು. ಹಳೆಯ ಕವಾಟ ತೆಗೆದು ಲೋಹದ ಕವಾಟ ಹಾಕಿದರು. ಮನೆಗೆ ಬಂದ ಹನ್ನೊಂದನೆಯ ದಿವಸ ನಾನು ಹೋದಾಗ ಆಕೆ ಒಲೆಯ ಮುಂದೆ ಹಿಟ್ಟಿನ ಕೋಲು ಹಿಡಿದು ನಿಂತಿದ್ದರು. ಆರು ಜನರ ಹಿಟ್ಟನ್ನು ಕೋಲಿನಿಂದ ಒತ್ತಿ ತಿರುವುವುದೆಂದರೆ ಎರಡೂ ತೋಳಿನ ಬಲ ಎದೆಯ ಮೇಲೆ ಬೀಳುತ್ತದೆ. ‘ಯಾಕಮ್ಮಾ’ ಎಂದರೆ, ‘ಮತ್ತಾರು ತಿರುವ್ತಾರೆ ಅಣ್ಣಾ, ಸುಮ್ನೆ ಕೂತ್ರೆ ಅತ್ತೆ ಏನಂದಾರು’ ಎಂದರು. ಅತ್ತೆ ಏನೂ ಅಂದಿರಲಿಲ್ಲ. ಅವರಿಗೆ ಮೂಳೆ ಸೀಳಿದ ಸಂಗತಿಯನ್ನೇ ಯಾರೂ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಗಂಡನಿಗೆ ಹೇಳಿದರು, ಗಂಡ ‘ಎಲ್ಲಾ ಸರಿಹೋಯ್ತು’ ಎಂದು ಮನೆಯಲ್ಲಿ ಹೇಳಿದ. ಹೇಳಿದಮೇಲೆ ಅತ್ತೆಯೇ ಕೋಲು ಕಿತ್ತುಕೊಂಡರು. ಗಂಡಸಿಗೆ ಆಪರೇಷನ್ ಆದರೆ ಮನೆಯೆಲ್ಲ ಅವನ ಸುತ್ತ ನಿಲ್ಲುತ್ತದೆ. ಹೆಂಗಸಿಗೆ ಆದರೆ ಆಕೆಯೇ ಎದ್ದು ಬಂದವರಿಗೆ ಕಾಫಿ ಕಾಸುತ್ತಾಳೆ. ಬಟ್ಟೆ ಒಗೆಯುವುದು, ಹಿಂಡುವುದು, ಒರಳು, ಸೌದೆ, ನೀರು, ಹಾಲು ಕರೆಯುವುದು ಇವೆಲ್ಲ ಮೂರು ತಿಂಗಳು ಬೇರೆಯವರ ಪಾಲು. ಸೊಪ್ಪು ಬಿಡಿಸುವುದು, ಕಾಳು ಹಸನು ಮಾಡುವುದು, ಒಗ್ಗರಣೆ ಹಾಕುವುದು ಮಾಡಬಹುದು. ಹೊಗೆಯ ಒಲೆಯ ಮುಂದೆ ಮಾತ್ರ ಬೇಡ.

ಲೋಹದ ಕವಾಟ ಹಾಕಿಸಿಕೊಂಡವರಿಗೆ ರಕ್ತ ಹೆಪ್ಪುಗಟ್ಟದಂತೆ ಒಂದು ಮಾತ್ರೆ ಜೀವಮಾನವೆಲ್ಲ ಇರುತ್ತದೆ. ಅದು ಹೆಚ್ಚಾದರೆ ರಕ್ತಸ್ರಾವ, ಕಡಮೆಯಾದರೆ ಕವಾಟದಲ್ಲಿ ಹೆಪ್ಪು. ಆದುದರಿಂದ ಹೇಳಿದ ದಿವಸ ರಕ್ತಪರೀಕ್ಷೆಗೆ ತಪ್ಪದೆ ಹೋಗಬೇಕು. ಸೊಪ್ಪು ತಿನ್ನಬಾರದೆಂದು ಕೆಲವರು ಹೇಳುತ್ತಾರೆ, ಹಾಗಲ್ಲ. ವಾರವಾರವೂ ಹೆಚ್ಚುಕಡಮೆ ಒಂದೇ ಅಳತೆಯಲ್ಲಿ ತಿನ್ನಬೇಕು. ಒಂದು ವಾರ ದಿನವೂ ಸೊಪ್ಪಿನ ಸಾರು, ಮರುವಾರ ಸೊಪ್ಪೇ ಇಲ್ಲ ಎಂದರೆ ಮಾತ್ರೆಯ ಲೆಕ್ಕ ತಪ್ಪುತ್ತದೆ. ಅಂಥವರು ನಾಟಿ ಔಷಧಿಯನ್ನಾಗಲಿ, ಅಂಗಡಿಯ ನೋವಿನ ಮಾತ್ರೆಯನ್ನಾಗಲಿ ಕೇಳದೆ ತೆಗೆದುಕೊಳ್ಳಕೂಡದು. ಬೈಪಾಸ್ ಆದವರಿಗೂ ಅಂಗಡಿಯ ನೋವಿನ ಮಾತ್ರೆ ಒಳ್ಳೆಯದಲ್ಲ. ಕೀಲುಜ್ವರದಿಂದ ಹೃದಯ ಕೆಟ್ಟವರಿಗೆ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಬರೆದಿದ್ದರೆ ಅದನ್ನೂ ನಿಲ್ಲಿಸಬೇಡಿ. ಇನ್ನೊಂದು ಮಾತು. ಹೆರುವ ವಯಸ್ಸಿನ ಹೆಣ್ಣುಮಕ್ಕಳು ಗರ್ಭ ಧರಿಸುವ ಮೊದಲೇ ಹೃದಯದ ಡಾಕ್ಟರನ್ನು ಕೇಳಬೇಕು. ಈ ಮಾತ್ರೆ ಹೊಟ್ಟೆಯ ಮಗುವಿಗೆ ಕೆಡುಕು ಮಾಡಬಲ್ಲುದು. ಗಂಡಹೆಂಡಿರ ಸಹವಾಸ ಯಾವಾಗ ಎಂದು ಕೇಳಲು ನಮ್ಮವರು ನಾಚುತ್ತಾರೆ. ಡಾಕ್ಟರಿಗೆ ಇದು ದಿನನಿತ್ಯದ ಪ್ರಶ್ನೆ; ಕೇಳಿ.

ಊಟದ ವಿಷಯ ಹೆಚ್ಚು ಹೇಳುವುದಿಲ್ಲ. ಮೊದಲ ಕೆಲವು ವಾರ ನಾಲಗೆಗೆ ರುಚಿ ಇರುವುದಿಲ್ಲ, ಹೆದರಬೇಡಿ. ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ಕೊಡಿ. ಕಾಳು, ಮೊಟ್ಟೆಯ ಬಿಳಿ, ತಿನ್ನುವವರಿಗೆ ಮೀನು, ಗಾಯ ಕೂಡಲು ಬೇಕು. ಉಪ್ಪಿನಕಾಯಿ, ಹಪ್ಪಳ, ಒಣಮೀನು ಬಿಡಬೇಕು. ಸಕ್ಕರೆ ಕಾಯಿಲೆ ಇದ್ದವರು ಅದನ್ನು ಹತೋಟಿಯಲ್ಲಿಡದಿದ್ದರೆ ಗಾಯ ಮಾಗುವುದಿಲ್ಲ. ಗಾಯಕ್ಕೆ ಸೋಪು ನೀರು ಸಾಕು. ತೊಳೆದು ಒತ್ತಿ ಒರೆಸಿ. ಅರಿಸಿನ, ಎಣ್ಣೆ, ವಿಭೂತಿ, ಪೌಡರು ಏನೂ ಬೇಡ. ಕೆರೆ ಕಾಲುವೆಯಲ್ಲಿ ಮುಳುಗು ಹಾಕುವುದೂ ಬೇಡ. ನಾಳ ತೆಗೆದ ಕಾಲು ಊದಿಕೊಳ್ಳುವುದುಂಟು, ಕುಳಿತಾಗ ಎತ್ತರದಲ್ಲಿಡಿ. ಬೀಡಿಯ ವಿಷಯ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ. ಆದರೆ ನೋಡಲು ಬಂದವರೇ ಜಗಲಿಯಲ್ಲಿ ಕೂತು ಹಚ್ಚುವುದನ್ನು ಕಂಡಿದ್ದೇನೆ.

ಮನಸ್ಸಿನ ಮಾತನ್ನು ಬಿಡುವಂತಿಲ್ಲ. ಗಟ್ಟಿ ಮನುಷ್ಯ ಎಂದು ಹೆಸರಾದವರು ಆಪರೇಷನ್ ಆದಮೇಲೆ ಸಣ್ಣ ಮಾತಿಗೆ ಅಳುತ್ತಾರೆ, ಸಿಡುಕುತ್ತಾರೆ, ರಾತ್ರಿ ಕೆಟ್ಟ ಕನಸು ಬಿದ್ದು ಏಳುತ್ತಾರೆ, ಹೆಸರು ಮರೆಯುತ್ತಾರೆ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಲು ಓಡಬೇಡಿ. ಇಂಥ ಆಪರೇಷನ್ನಿನ ಬಳಿಕ ಇದು ಅನೇಕರಿಗೆ ಆಗುತ್ತದೆ; ಹೆಚ್ಚಿನವರಿಗೆ ಕೆಲವು ವಾರದಲ್ಲಿ ಹೋಗುತ್ತದೆ. ಹೋಗದಿದ್ದರೆ ಡಾಕ್ಟರಿಗೆ ಹೇಳಿ, ಅದಕ್ಕೂ ಚಿಕಿತ್ಸೆ ಇದೆ. ನೋಡಲು ಹೋಗುವವರು ‘ನಮ್ಮ ಭಾವಮೈದನಿಗೂ ಹೀಗೇ ಆಗಿ ಆರನೆ ತಿಂಗಳಿಗೆ ಹೋದ’ ಎಂಬ ಕತೆಯನ್ನು ದಯವಿಟ್ಟು ತಮ್ಮಲ್ಲೇ ಇಟ್ಟುಕೊಳ್ಳಲಿ. ಶೀತ ಕೆಮ್ಮು ಇದ್ದವರು ಹೋಗಲೇಬೇಡಿ.

ಈಗ ಅಪಾಯದ ಗುರುತುಗಳು. ಜ್ವರ 100.4 ಡಿಗ್ರಿ ದಾಟಿದರೆ, ಗಾಯ ಕೆಂಪಾಗಿ ಕೀವು ಬಂದರೆ, ಎದೆಯ ಮೂಳೆ ಕಟಕ್ ಎಂದರೆ, ಒಂದು ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೆ, ಕೂಡಲೇ ಆಪರೇಷನ್ ಆದ ಆಸ್ಪತ್ರೆಗೆ ಫೋನು ಮಾಡಿ. ಅಂಗನವಾಡಿಯಲ್ಲೋ ಆರೋಗ್ಯ ಉಪಕೇಂದ್ರದಲ್ಲೋ ತೂಕದ ಯಂತ್ರ ಇರುತ್ತದೆ. ದಿನವೂ ಬೆಳಿಗ್ಗೆ ತೂಗಿ ಬರೆದಿಡಿ. ಒಂದೇ ದಿವಸದಲ್ಲಿ ಒಂದು ಕಿಲೋಗಿಂತ ಹೆಚ್ಚು, ಅಥವಾ ವಾರದಲ್ಲಿ ಎರಡು ಕಿಲೋಗಿಂತ ಹೆಚ್ಚು ಏರಿದರೆ ಅದು ಮಾಂಸವಲ್ಲ, ಒಳಗೆ ನೀರು ನಿಂತಿದೆ. ಆಗಲೂ ಫೋನು ಮಾಡಬೇಕು. ಎದೆ ಹಿಂಡುವಂಥ ನೋವು, ಮಲಗಿದರೆ ಉಸಿರು ಕಟ್ಟುವುದು, ಎದೆ ತಾಳತಪ್ಪಿ ಹೊಡೆದುಕೊಳ್ಳುವುದು, ಎಚ್ಚರ ತಪ್ಪುವುದು, ಬಾಯಿ ಸೊಟ್ಟಗಾಗುವುದು, ಇವುಗಳಿಗೆ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆಮಾಡಿ. ಆಸ್ಪತ್ರೆಯ ಚೀಟಿ ಮತ್ತು ಮಾತ್ರೆಗಳನ್ನು ಒಂದು ಚೀಲದಲ್ಲಿ ಹಾಕಿ ಬಾಗಿಲ ಬಳಿ ಮೊಳೆಗೆ ತಗುಲಿಹಾಕಿದ್ದರೆ, ಆ ಹೊತ್ತಿನಲ್ಲಿ ಹುಡುಕುವ ಕೆಲಸ ಉಳಿಯುತ್ತದೆ.

ಕೊನೆಯಲ್ಲಿ ಬರುತ್ತೇನೆಂದ ಮಾತು ಇದು. ಆಪರೇಷನ್ನಿನ ಖರ್ಚಿಗೆ ಸರ್ಕಾರದ ಯೋಜನೆಗಳಿವೆ, ಸಹಕಾರ ಸಂಘದ ಸದಸ್ಯರಿಗೆ 2003ರಲ್ಲಿ ಆರಂಭವಾದ ಯಶಸ್ವಿನಿ ಇದೆ. ಆದರೆ ಎತ್ತಿಗೆ ನೀರು ತೋರಿಸುವ ಯೋಜನೆ ಯಾವ ಕಚೇರಿಯಲ್ಲೂ ಇಲ್ಲ. ಮೂರು ತಿಂಗಳು ಎಂದರೆ ನಮ್ಮಲ್ಲಿ ಒಂದು ಬೆಳೆ. ಆಳಿನ ಕೂಲಿ ಕೊಡಲಾಗದವನು ನಾಲ್ಕನೆಯ ವಾರಕ್ಕೆ ತಾನೇ ಎದ್ದು ಹೋಗುತ್ತಾನೆ, ಯಾವ ಚೀಟಿಯೂ ಅವನನ್ನು ತಡೆಯುವುದಿಲ್ಲ. ನಮ್ಮಲ್ಲಿ ಮುಯ್ಯಾಳಿನ ಪದ್ಧತಿ ಇದೆ. ನಾಟಿಗೆ, ಕುಯ್ಲಿಗೆ ನಾನು ನಿಮ್ಮ ಗದ್ದೆಗೆ, ನೀವು ನನ್ನ ಗದ್ದೆಗೆ. ಅದನ್ನೇ ಇಲ್ಲಿಗೆ ತನ್ನಿ. ನೋಡಲು ಹೋಗುವಾಗ ಒಯ್ಯುವ ಸೇಬು ಬ್ರೆಡ್ಡುಗಳ ಬದಲು ಒಂದು ದಿವಸದ ಕೆಲಸ ಒಯ್ಯಿರಿ. ಹುಲ್ಲು ಒಬ್ಬರು, ಹಾಲು ಡೇರಿಗೆ ಒಬ್ಬರು, ನೀರು ತಿರುವುವುದು ಒಬ್ಬರು, ರಾತ್ರಿ ಹಿಟ್ಟು ಪಕ್ಕದ ಮನೆಯಿಂದ. ಅವರು ಎದ್ದಮೇಲೆ ಮುಯ್ಯಿ ತೀರಿಸುತ್ತಾರೆ. ಆದುದರಿಂದ ಅವರಿಗೂ ದಾನ ಪಡೆದಂತೆ ಆಗುವುದಿಲ್ಲ.

ಎತ್ತಿನ ಯಜಮಾನರಿಗೆ ಎರಡನೆಯ ಸಲ ಆಪರೇಷನ್ ಆಗಿ ಬಂದಮೇಲೆ ಅವರ ಊರಿನ ಯುವಕ ಸಂಘದವರು ಹೀಗೇ ಮಾಡಿದರು. ಹಾಲಿನ ಡೇರಿಯ ಗೋಡೆಗೆ ತಿಂಗಳ ಹಾಳೆಯೊಂದನ್ನು ಅಂಟಿಸಿ, ದಿವಸಕ್ಕೆರಡು ಹೆಸರು ಬರೆಸಿದರು. ಬೆಳಿಗ್ಗೆ ಸಂಜೆ ಎಲ್ಲರೂ ಹಾಲು ಹಾಕಲು ಬರುವ ಜಾಗವಾದುದರಿಂದ, ಯಾರ ಸರದಿ ತಪ್ಪಿತೆಂಬುದು ಊರಿಗೆಲ್ಲ ಕಾಣುತ್ತಿತ್ತು. ನಿಮ್ಮ ಊರಿಗೂ ಬರುವ ವಾರ ಒಬ್ಬರು ಮೈಸೂರಿನಿಂದ ಮನೆಗೆ ಬರುತ್ತಿದ್ದಾರೆ, ನಿಮಗೆಲ್ಲ ತಿಳಿದಿದೆ. ಅವರದು ಎರಡು ಹಸು, ಮೂವತ್ತು ಗುಂಟೆ ಗದ್ದೆ. ಹಾಳೆಯನ್ನು ಗೆರೆ ಹಾಕಿ ತಂದಿದ್ದೇನೆ. ಸಭೆ ಮುಗಿದೊಡನೆ ಡೇರಿಯಲ್ಲಿ ಅಂಟಿಸುತ್ತೇನೆ. ಪೆನ್ಸಿಲನ್ನು ದಾರದಿಂದ ಕಟ್ಟಿರುತ್ತೇನೆ, ಬಿಚ್ಚಿಕೊಂಡು ಹೋಗಬೇಡಿ.